ಕೆಜಾಯಳ ಬಾವಿಯ ಉಸಿರು

“ಆ ಬಾವಿಯ ಗ್ಯಾಸಿನಿಂದ ಒಲೆ ಹಚ್ಚಬೇಡ,” ಎಂದಳು ಡೆಲ್ಫಾ ಮುದುಕಿ. ಬೇಲಿ ದಾಟಿ ಒಳಗೆ ಬರಲಿಲ್ಲ. ದವಡೆಯಲ್ಲಿದ್ದ ಹೊಗೆಸೊಪ್ಪನ್ನು ಮಾತ್ರ ಬೇಲಿಯ ಈಚೆಗೇ ಉಗುಳಿದಳು.

ಟ್ರಕ್ಕಿನಿಂದ ಸಾಮಾನು ಇಳಿಸುತ್ತಿದ್ದ ರಸೆಲ್ ನಕ್ಕುಬಿಟ್ಟ. ಕ್ಲೀವ್‌ಲ್ಯಾಂಡಿನಲ್ಲಿ ಬಸ್ಸು ಓಡಿಸಿ ಓಡಿಸಿ ಬೆನ್ನು ಸವೆಸಿಕೊಂಡು, ಹೆಂಡತಿ ನೋರೀನಳೊಡನೆ ಉಳಿದ ಆಯುಸ್ಸು ನೆಮ್ಮದಿಯಿಂದ ಕಳೆಯಲೆಂದು ವೆಸ್ಟ್ ವರ್ಜೀನಿಯಾದ ಈ ಗುಡ್ಡದ ಜಮೀನು ಕೊಂಡವನು ಅವನು. ಕೊಂಡದ್ದೇ ಬಾವಿಯ ಆಸೆಗೆ. ಹಿತ್ತಲ ಹುಲ್ಲುಗಾವಲಿನಲ್ಲಿ, ಹಿಂದೆಂದೋ ಗ್ಯಾಸಿಗಾಗಿ ಕೊರೆದ ಬಾವಿಯ ಮೊಣಕಾಲೆತ್ತರದ ತುಕ್ಕು ಹಿಡಿದ ಕೊಳವೆ. ಅದರೊಳಗೆ ಇನ್ನೂ ಸಾಯದ ಗ್ಯಾಸು. ಈ ಸೀಮೆಯಲ್ಲಿ ಯಾರ ನೆಲದಲ್ಲಿ ಬಾವಿಯಿದೆಯೋ ಅವರ ಮನೆಗೆ ಚಳಿಗಾಲವಿಡೀ ಪುಕ್ಕಟೆ ಬೆಂಕಿ.

“ಯಾಕಜ್ಜಿ, ಸೋರ್ತಿದೆಯಾ?”

“ಸೋರಿದ್ರೆ ಬೆಸುಗೆ ಹಾಕ್ಬಹುದಿತ್ತು. ಕೆಜಾಯ ಮಾಟ ಮಾಡಿಟ್ಟಿದ್ದಾಳೆ ಅದಕ್ಕೆ.”

“ಹಾಗಾದ್ರೆ ಅದೇ ಒಲೆ ಮೇಲೆ ಬೀನ್ಸ್ ಬೇಯಿಸ್ತೀನಿ. ಕೆಜಾಯಳನ್ನೂ ಕರ್ಕೊಂಡು ಊಟಕ್ಕೆ ಬಾ.”

ಮುದುಕಿ ನಗಲಿಲ್ಲ. “ನಿನ್ನ ಮೇಲಿನ ಅಕ್ಕರೆಗೆ ಹೇಳಿದ್ದಲ್ಲ ಕಣೋ. ಹೊರಗಿನೋರ ಹೆಣ ಹೊತ್ತು ನಮ್ಮೋರ ಹೆಗಲು ಸವೆದಿದೆ.”

ಅಂದು ಸಂಜೆಯೇ ರಸೆಲ್ ಬಾವಿಯಿಂದ ಮನೆಗೆ ಕೊಳವೆ ಎಳೆದ. ಕಡ್ಡಿ ಗೀರಿದ. ಒಲೆ ಭುಗ್ಗೆಂದಿತು. ಆದರೆ ಆ ಜ್ವಾಲೆ ಒಂದೇ ಸಮನೆ ಉರಿಯಲಿಲ್ಲ. ಮೆಲ್ಲಗೆ ಉಬ್ಬಿತು, ಮೆಲ್ಲಗೆ ಇಳಿಯಿತು, ಮತ್ತೆ ಉಬ್ಬಿತು. ಮನೆಯೊಳಗೆ ಸೀಮೆಎಣ್ಣೆಯ ನಾತ. ಅದರಡಿಯಲ್ಲಿ ಇನ್ನೊಂದು, ಕೂದಲು ಸುಟ್ಟ ಕಮಟು.

“ರಸ್, ಇದು ಉಸಿರಾಡ್ತಿದೆ,” ಎಂದಳು ನೋರೀನ್.

“ಮುದುಕಿ ಮಾತು ನಿನ್ನ ತಲೆಗೂ ಹೊಕ್ತಾ?” ಎಂದು ಅವನು ಕೈ ಕಾಯಿಸಿಕೊಂಡ.

ಊರವರು ಇವರನ್ನು ಹತ್ತಿರ ಸೇರಿಸಲಿಲ್ಲ. ಅಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಚರ್ಚಿನಲ್ಲಿ ನೋರೀನ್ ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಒಬ್ಬಾಕೆಯಂತೂ ಇವಳ ಕೋಟಿನ ವಾಸನೆ ಮೂಸಿ, ಮಕ್ಕಳನ್ನು ಎಳೆದುಕೊಂಡು ಎದ್ದೇ ಹೋದಳು.

ಹಿಮ ಬೀಳುವ ಹೊತ್ತಿಗೆ ನೋರೀನಳಿಗೆ ಏದುಸಿರು ಹತ್ತಿತು. ಡಾಕ್ಟರಿಗೆ ಅವಳ ಎದೆಯಲ್ಲಿ ಏನೂ ಸಿಗಲಿಲ್ಲ. ಆಕೆ ಒಲೆ ಬಿಟ್ಟು ಕದಲದಾದಳು. ಒಂದು ಮಧ್ಯಾಹ್ನ ರಸೆಲ್ ಎದುರಿಗೆ ಕೂತು ಅವಳನ್ನೇ ನೋಡುತ್ತಿದ್ದ. ಜ್ವಾಲೆ ಉಬ್ಬಿತು. ಅವಳ ಎದೆ ಉಬ್ಬಿತು. ಜ್ವಾಲೆ ಇಳಿಯಿತು. ಎದೆಯೂ ಇಳಿಯಿತು.

ರಸೆಲ್ ಕಣ್ಣುಜ್ಜಿಕೊಂಡ. ಛೇ, ಭ್ರಮೆ, ಎಂದುಕೊಂಡ. ಎದ್ದುಹೋಗಿ ಒಲೆಯ ತಿರುಪು ಬಂದ್ ಮಾಡಿದ.

ಜ್ವಾಲೆ ಸತ್ತಿತು. ನೋರೀನ್ ಬಾಯಿ ತೆರೆದಳು. ಸದ್ದು ಬರಲಿಲ್ಲ. ಕುರ್ಚಿಯಿಂದ ಜಾರಿದಳು. ತುಟಿ ನೀಲಿಗಟ್ಟಿತು. ಅವನು ಕಡ್ಡಿ ಗೀರಿದ. ಮುರಿಯಿತು. ಇನ್ನೊಂದು. ಅದು ಕೈಜಾರಿ ಬಿತ್ತು. ಮತ್ತೊಂದು. ಭುಗ್! ನೆಲದ ಮೇಲಿದ್ದವಳು ನೀರಿನಿಂದ ಮೇಲೆದ್ದವಳಂತೆ ಗೊರಕ್ಕನೆ ಉಸಿರೆಳೆದಳು.

ಆ ವಾರದಲ್ಲೇ ಒಲೆಯ ಜ್ವಾಲೆ ತಗ್ಗತೊಡಗಿತು. ಹಳೆಯ ಬಾವಿ, ಒತ್ತಡ ಇಳಿಯುತ್ತಿತ್ತು. ಅದರೊಡನೆ ನೋರೀನ್ ಕೂಡ ಇಳಿಯುತ್ತಿದ್ದಳು.

ರಸೆಲ್ ಡೆಲ್ಫಾಳ ಮನೆಗೆ ಓಡಿದ. ಮುದುಕಿ ಬಾಗಿಲನ್ನು ಅರ್ಧ ಮಾತ್ರ ತೆರೆದಳು.

“ಊಟಕ್ಕೆ ಕರೆಯೋಕೆ ಬಂದ್ಯಾ?”

“ತಪ್ಪಾಯ್ತಮ್ಮ. ನನ್ನ ಹೆಂಡ್ತಿ ಸಾಯ್ತಿದ್ದಾಳೆ.”

ಮುದುಕಿ ಬಾಗಿಲನ್ನು ಪೂರ್ತಿ ತೆರೆದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. “ಕೆಜಾಯ ನಮ್ಮ ದೊಡ್ಡಮ್ಮ. ಬೇಡ ಬೇಡ ಅಂದ್ರೂ ಗ್ಯಾಸ್ ಕಂಪನಿಯೋರು ಅವಳ ಹುಲ್ಲುಗಾವಲಲ್ಲಿ ಬಾವಿ ಕೊರೆದ್ರು. ಬೆಂಕಿ ಹತ್ತಿ ಅವಳ ಒಬ್ಬಳೇ ಮಗಳು ಸುಟ್ಟುಹೋದ್ಲು. ಮಗಳ ಸುಟ್ಟುಳಿದ ಜಡೇನ ಕೆಜಾಯ ಶವದ ಪೆಟ್ಟಿಗೆಯ ಮೊಳೆಗೆ ಸುತ್ತಿ, ಕರಿಕೋಳಿ ರಕ್ತ ಹಚ್ಚಿ, ಆ ಕೊಳವೆಯೊಳಗೆ ಇಳಿಬಿಟ್ಳು. ಇದರ ಉಸಿರಲ್ಲಿ ಒಲೆ ಹಚ್ಚಿದವರ ಮನೆಯ ಒಂದು ಉಸಿರು ಇದಕ್ಕೇ ಕಟ್ಟಿಬೀಳಲಿ ಅಂದ್ಳು. ಲಾಟೀನು ಹಿಡಿದಿದ್ದವಳು ನಾನೇ.”

“ಬಿಚ್ಚೋದು ಹೇಗೆ?”

“ಕಟ್ಟಿದವಳು ಮಣ್ಣಾದ್ಲು. ಬಿಚ್ಚೋಕಾಗಲ್ಲ. ಅವಳ ಬದಲು ನೀನು ಕಟ್ಟಿಬೀಳ್ಬಹುದು. ಚಳಿ ಕೊರೆಯೋ ಮುಂಜಾನೆ ಬಾವಿ ಗಾಳಿ ಒಳಗೆಳೆಯುತ್ತೆ. ಆಗ ಕೊಳವೆಗೆ ಬಾಯಿಟ್ಟು ನಿನ್ನ ಉಸಿರು ಕೊಡು. ಆಮೇಲೆ ಒಲೆ ಉರೀಲೇಬೇಕು ಅಂತಿಲ್ಲ. ಬಾವಿಗೆ ಉಸಿರಿರೋವರೆಗೂ ನಿನಗೂ ಉಸಿರು. ಆದ್ರೆ ಯಾರ ಕಿವಿಗೂ ಹಾಕ್ಬೇಡ. ಬಾಯಿ ಬಿಟ್ಟ ಕ್ಷಣ ಕಟ್ಟು ತಿರುಗಿ ನಿನ್ನ ಹೆಂಡ್ತಿ ಕೊರಳಿಗೇ ಬೀಳುತ್ತೆ.”

ಬೆಳಗಿನ ಜಾವ ಹುಲ್ಲು ಹಿಮಗಟ್ಟಿ ಬೂಟಿನಡಿಯಲ್ಲಿ ಗಾಜಿನಂತೆ ಒಡೆಯುತ್ತಿತ್ತು. ಕೊಳವೆಯ ಬಾಯಿ ಸುಯ್ಯೆಂದು ಗಾಳಿ ಹೀರುತ್ತಿತ್ತು. ರಸೆಲ್ ಮೊಣಕಾಲೂರಿ ತುಕ್ಕಿಗೆ ತುಟಿಯಿಟ್ಟ. ಬಾಯೊಳಗೆ ಕಬ್ಬಿಣದ, ರಕ್ತದ ರುಚಿ. ಉಸಿರು ಬಿಟ್ಟ. ಬಾವಿ ಎಳೆಯಿತು. ಇನ್ನೂ ಎಳೆಯಿತು. ತುಟಿ ಬಿಡಿಸಲಾಗಲಿಲ್ಲ. ಆಳದಲ್ಲಿ ಯಾರೋ ಒದ್ದೆ ಕೂದಲಿಂದ ಕಬ್ಬಿಣ ಒರೆಸಿದಂತೆ ಸದ್ದು. ಮೇಲೆ ಬಂತು. ಹತ್ತಿರ ಬಂತು. ನಾಲಿಗೆಗೆ ಕೂದಲು ತಾಗಿತು.

ಎಚ್ಚರವಾದಾಗ ಬಿಸಿಲಿತ್ತು. ತುಟಿಯ ಚರ್ಮ ಕೊಳವೆಗೆ ಅಂಟಿಕೊಂಡಿತ್ತು. ಅಡಿಗೆಮನೆಯಲ್ಲಿ ನೋರೀನ್ ಹಾಡು ಗುನುಗುತ್ತಾ ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತಿದ್ದಳು.

ಅಂದಿನಿಂದ ಅವನ ದನಿ ಪಿಸುಮಾತಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಮನೆಗೆ ಎಳೆದ ಕೊಳವೆಯನ್ನು ಕಿತ್ತೆಸೆದ. ಹಿತ್ತಲ ಬಾವಿ ಮಾತ್ರ ತೆರೆದೇ ಉಳಿಯಿತು. ಏನಾಯಿತೆಂದು ನೋರೀನ್ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಡಾಕ್ಟರು ಬಾವಿಯ ವಿಷಗಾಳಿಯ ಮೇಲೆ ಗುಮಾನಿಪಟ್ಟರು. ಅವಳು ಅದನ್ನು ನಂಬಿದಳು.

ವಸಂತದ ಒಂದು ಬೆಳಿಗ್ಗೆ ಗುಡ್ಡದ ದಾರಿಯಲ್ಲಿ ದೊಡ್ಡ ಟ್ರಕ್ಕುಗಳು ಏರಿ ಬಂದವು. ಕೊರೆದ ಕಂಪನಿಗಳು ಕೈಬಿಟ್ಟುಹೋದ ಹಳೆಯ ಬಾವಿಗಳಿಗೆ ಸಿಮೆಂಟು ತುಂಬಿ ಮುಚ್ಚುವ ಸರ್ಕಾರದ ಕೆಲಸಗಾರರು. ಕರೆಸಿದವಳು ನೋರೀನ್.

ರಸೆಲ್ ಹಿತ್ತಲಿಗೆ ಓಡಿದ. ಮುಗ್ಗರಿಸಿದ. “ಬೇಡ... ಮುಚ್ಚಬೇಡಿ...”

“ಎಲ್ಲರೂ ಹೀಗೇ ಅಂತಾರೆ ಸಾರ್,” ಎಂದು ಮೇಸ್ತ್ರಿ ನಕ್ಕ. “ಪುಕ್ಕಟೆ ಗ್ಯಾಸ್ ಬಿಡೋಕೆ ಯಾರಿಗೆ ಮನಸ್ಸು ಬರುತ್ತೆ?”

ನೋರೀನ್ ಅವನ ಕೈ ಹಿಡಿದಳು. “ನಿನಗೋಸ್ಕರಾನೇ ಕರೆಸಿದ್ದು ರಸ್. ಯಾಕೆ ಬೇಡ? ಒಂದೇ ಒಂದು ಕಾರಣ ಹೇಳು, ಈಗಲೇ ವಾಪಸ್ ಕಳಿಸ್ತೀನಿ.”

ಅವನು ಅವಳನ್ನು ನೋಡಿದ. ಕೆನ್ನೆಗೆ ಬಣ್ಣ ಬಂದಿತ್ತು. ಬೆಳಗಿನ ಗಾಳಿಗೆ ಎದೆ ತುಂಬಿ ಉಸಿರಾಡುತ್ತಿದ್ದಳು. ಮಾತು ನಾಲಿಗೆಯ ತುದಿಯವರೆಗೆ ಬಂತು.

ನುಂಗಿಕೊಂಡ.

“ಏನಿಲ್ಲ,” ಎಂದ. “ಮುಚ್ಚಲಿ.”

ಯಂತ್ರ ಗುಡುಗಿತು. ಬೂದು ಸಿಮೆಂಟು ಕೊಳವೆಯೊಳಗೆ ಇಳಿಯಿತು. ಗಳಗಳ. ಆಳಕ್ಕೆ. ತುಂಬುತ್ತಾ ಬಂತು. ಅವನು ಮೆಟ್ಟಿಲ ಮೇಲೆ ಕೂತ. ಎದೆ ಬಿಗಿಯಿತು. ಪಕ್ಕೆಲುಬಿನ ನಡುವೆ ಒದ್ದೆ ಮಣ್ಣು ಏರಿದ ಹಾಗೆ. ಮೇಲಕ್ಕೆ. ಇನ್ನೂ ಮೇಲಕ್ಕೆ. ಗಂಟಲಿಗೆ. ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ನೋರೀನ್ ಹುಲ್ಲುಗಾವಲಿನ ಕಡೆಗೇ ನೋಡುತ್ತಿದ್ದಳು. ಮುಖ ಅರಳಿತ್ತು.

“ನೋಡು, ನಾತ ಹೋಗೇಬಿಡ್ತು,” ಎಂದಳು. “ಇನ್ನು ಚೆನ್ನಾಗಿ ಉಸಿರೆಳ್ಕೋ, ರಸ್.”