ಬದಲಿ ಆಳು

ಹದಿನೆಂಟು ವರ್ಷ ಊರಿನ ಮನೆಮನೆಗೂ ಕಾಗದ ಮುಟ್ಟಿಸಿದ ಮರುಳಪ್ಪನನ್ನು ಯಾರೂ ಒಳಗೆ ಕರೆದು ಕೂರಿಸಿರಲಿಲ್ಲ. ಕಾಗದ ಕೈಗೆ ಬಂದದ್ದೇ ತಡ, ಅವರ ಕಣ್ಣು ಅದರ ಮೇಲೆ. ತಂದವನು ಜಗಲಿಯ ಕಂಬಕ್ಕೆ ಸಮ. ತಾಯಿ ತೀರಿಕೊಂಡ ಮೇಲೆ ಅಂಚೆ ಇಲ್ಲದ ಭಾನುವಾರಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ವಯಸ್ಸು ನಲವತ್ತೊಂದಾಗಿತ್ತು. ಮದುವೆಯ ಮಾತು ಎತ್ತುವವರೂ ಉಳಿದಿರಲಿಲ್ಲ.

ಆ ವರ್ಷ, ಅಂದರೆ ಎಂಬತ್ತೊಂದರಲ್ಲಿ, ದುರ್ಗಯ್ಯ ಅವನ ಮುಂದೆ ಒಂದು ಪತ್ರಿಕೆಯ ತುಂಡು ಹಿಡಿದಿದ್ದ. ದುರ್ಗಯ್ಯ ಅದೇ ಊರಿನವನು, ಕಿಬ್ಬನಹಳ್ಳಿ ಕ್ರಾಸಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಮರುಳಪ್ಪ ದಿನಾ ಬೆಳಿಗ್ಗೆ ಬಸ್ಸಿನಿಂದ ಟಪಾಲು ಚೀಲ ಇಳಿಸಿಕೊಳ್ಳಲು ಸೈಕಲ್ ತುಳಿದು ಬಂದು, ಬಸ್ಸು ಬರುವತನಕ ಆ ಒಲೆಯ ಪಕ್ಕವೇ ನಿಲ್ಲುತ್ತಿದ್ದ. ನೇಪಾಳದ ಪೋಖರಾ ಎಂಬಲ್ಲಿ ಸರೋವರದ ದಂಡೆಯ ಹೋಟೆಲಿಗೆ ನಮ್ಮ ಕಡೆಯ ತಿಂಡಿ ಬಲ್ಲವರು ಬೇಕು, ಪ್ರವಾಸಿಗರು ಬರುವ ಆರು ತಿಂಗಳ ಮಟ್ಟಿಗೆ, ಎಂದು ಜಾಹೀರಾತಿನಲ್ಲಿತ್ತು. ಹೋಟೆಲಿನ ಯಜಮಾನರು ಮಂಗಳೂರು ಕಡೆಯವರು.

"ದಸರಾ ಕಳುದ್ರೆ ಈ ಹೋಟ್ಲು ಮುಚ್ಚುತಾರೆ ಕಣಣ್ಣ. ಆಮ್ಯಾಲೆ ನಾನೇನ್ ಮಾಡ್ಲಿ? ನನ್ನಕ್ಷರ ಕೋಳಿ ಕೆರ್ದಂಗಿರ್ತವೆ. ನೀನೇ ಒಂದ್ ಅರ್ಜಿ ಬರ್ಕೊಡು."

ಮರುಳಪ್ಪ ಬರೆದುಕೊಟ್ಟ. ಹೆಸರು, ವಯಸ್ಸು, ಊರ ವಿಳಾಸ, ಹೆಂಡತಿ ನಿಂಗಮ್ಮ, ಇಬ್ಬರು ಹೆಣ್ಣುಮಕ್ಕಳು, ಎಲ್ಲವನ್ನೂ ತನ್ನ ದುಂಡು ಅಕ್ಷರದಲ್ಲಿ.

ಭಾದ್ರಪದದಲ್ಲಿ ಉತ್ತರ ಬಂತು. ಊರಿನ ಅಂಚೆ ನೋಡಿಕೊಳ್ಳುತ್ತಿದ್ದವರು ನಿವೃತ್ತ ಮೇಷ್ಟ್ರು ಏಕಾಂತಯ್ಯನವರು; ಕಣ್ಣಿಗೆ ಪೊರೆ ಬಂದಿದ್ದರಿಂದ ಕಾಗದ ವಿಂಗಡಿಸುವುದೂ ಮರುಳಪ್ಪನ ಪಾಲಿಗೇ ಬಿದ್ದಿತ್ತು. ಹೊರದೇಶದ ಅಂಚೆಚೀಟಿ ಕಂಡವನೇ ಅದನ್ನು ಅಂಗಿಯೊಳಗೆ ಸೇರಿಸಿಕೊಂಡ. ಮನೆಗೆ ಒಯ್ದು ಎಸರಿನ ಹಬೆಗೆ ಹಿಡಿದು ಬಿಚ್ಚಿದ. ಓದಿ ಮತ್ತೆ ಅಂಟಿಸಿ ಕೊಟ್ಟುಬಿಡುವ ಎಂದೇ ಬಿಚ್ಚಿದ್ದು. ಆದರೆ ಕಾಗದದಲ್ಲಿ ಒಂದು ಸಾಲಿತ್ತು: 'ನೀವು ಬಂದರೆ ನಮಗೂ ಕನ್ನಡ ಮಾತಾಡಲು ಒಬ್ಬರು ಸಿಕ್ಕಿದಂತಾಯಿತು; ದಾರಿ ಕಾಯುತ್ತೇವೆ.' ಅವನು ಆ ಸಾಲನ್ನು ಮೂರು ಸಲ ಓದಿದ. ಕಾಗದ ತಾಯಿಯ ಟ್ರಂಕಿನ ತಳ ಸೇರಿತು.

ಆಮೇಲೆ ಯೋಚಿಸಿದಷ್ಟೂ ಎಲ್ಲ ಸಲೀಸಾಗಿ ಕಂಡಿತು. ಯಜಮಾನರು ದುರ್ಗಯ್ಯನ ಮುಖ ಕಂಡವರಲ್ಲ. ಅವರ ಹತ್ತಿರ ಇರುವ ಅಕ್ಷರ ಮರುಳಪ್ಪನದೇ, ಆದ್ದರಿಂದ ಬರುತ್ತೇನೆಂದು ಬರೆಯುವ ಕಾಗದಕ್ಕೆ ಇನ್ನೊಬ್ಬರ ಅಕ್ಷರ ಕದಿಯುವ ಕೆಲಸವೂ ಇಲ್ಲ. ನೇಪಾಳಕ್ಕೆ ಪಾಸ್‌ಪೋರ್ಟು ಬೇಡ. ಯಜಮಾನರ ಕಾಗದ ಜೇಬಿನಲ್ಲಿದ್ದರೆ ಸಾಕು. ಇನ್ನು ಹೊಸ ಕಾಗದ ಬಂದರೂ ಬರುವುದು ತನ್ನ ಚೀಲಕ್ಕೇ. ಉಳಿದದ್ದು ಕೆಲಸ ಕಲಿಯುವುದೊಂದೇ. ಅದಕ್ಕೂ ಗುರು ಎದುರಿಗೇ ಇದ್ದ.

"ಒಬ್ಬೊಂಟಿ ಬಾಯಿ ಕೆಟ್ಟೋಗೈತೆ ದುರ್ಗಯ್ಯ, ಮನೇಲಿ ದೋಸೆ ಮಾಡ್ಕಳದು ಹೇಳ್ಕೊಡು," ಎಂದ.

ದುರ್ಗಯ್ಯ ಖುಷಿಯಿಂದ ಹೇಳಿಕೊಟ್ಟ. ಅಕ್ಕಿಗೆ ಉದ್ದು ಎಷ್ಟು, ಮೆಂತ್ಯ ಎಷ್ಟು, ಚಳಿಗಾಲದಲ್ಲಿ ಹಿಟ್ಟು ಹುಳಿ ಬರಲು ಪಾತ್ರೆಗೆ ಗೋಣಿ ಸುತ್ತುವುದು ಹೇಗೆ, ಹಸಿಕಾಯಿ ಸಿಗದ ಕಡೆ ಕೊಬ್ಬರಿ ನೆನೆಸಿ ಚಟ್ನಿ ಮಾಡುವುದು ಹೇಗೆ. ಕಲಿಸುವಾಗ ನಡುನಡುವೆ ಕೇಳುತ್ತಿದ್ದ:

"ನೇಪಾಳದ್ದೇನಾರ ಬಂತೇನಣ್ಣ?"

"ಇಲ್ಲ ಕಣಪ್ಪ. ದೂರದ ದೇಸ, ತಡ ಆಯ್ತದೆ."

ಮೊದಲ ಸಲ ಈ ಮಾತು ಹೇಳುವಾಗ ನಾಲಿಗೆ ಒಣಗಿತ್ತು. ಹತ್ತನೆಯ ಸಲಕ್ಕೆ ಅದು ಬಸ್ಸಿನ ವೇಳೆ ಹೇಳಿದಷ್ಟು ಸಲೀಸಾಯಿತು.

ಉತ್ತರದ ಕ್ಷೇತ್ರಗಳ ಯಾತ್ರೆಗೆಂದು ಆರು ತಿಂಗಳ ರಜೆ ಕೇಳಿದ. ಏಕಾಂತಯ್ಯನವರು ಅರ್ಜಿಯನ್ನು ಮೂಗಿನ ಹತ್ತಿರ ಹಿಡಿದು, "ಹೋಗ್ ಬಾರಯ್ಯ. ಬದಲಿ ಆಳು ಕೊಟ್ಟು ಹೋಗಬೇಕಲ್ಲ, ಯಾರವ್ನೆ?" ಎಂದರು.

ಆಳು ತಾನಾಗಿಯೇ ಬಂದ. ಸಂಜೆ ದುರ್ಗಯ್ಯ ಅವನ ಮನೆಯ ಮುಂದೆ ನಿಂತಿದ್ದ. "ಹೋಟ್ಲು ಮುಚ್ತು. ಆ ನೇಪಾಳದೋರು ನನ್ನ ಮರ್ತೇಬುಟ್ರು. ನೀನು ಬರಗಂಟ ಚೀಲ ನಾನ್ ಹೊತ್ಕಂತೀನಿ, ಕೊಡ್ಸಣ್ಣ. ಬರೆಯೋ ಅಕ್ಷರ ಚೆಂದಿಲ್ದಿದ್ರೂ ಓದಕ್ಕಾಯ್ತದೆ."

ಬೇಡವೆಂದರೆ ಯಾಕೆ ಎಂಬ ಪ್ರಶ್ನೆ ಹುಟ್ಟುತ್ತದೆ. ಅಲ್ಲದೆ ಪೋಖರಾದಿಂದ ಇನ್ನು ಕಾಗದ ಬರುವ ಕಾರಣವೇ ಇಲ್ಲ. ಅವರು ಕರೆದ ಮನುಷ್ಯ ಅವರ ಕಣ್ಣೆದುರೇ ಇರುತ್ತಾನೆ. ಮರುಳಪ್ಪ ಹೂಂ ಎಂದ. ಎಂದಾದ ಮೇಲೆ ಮನಸ್ಸೂ ಒಂದಿಷ್ಟು ಹಗುರಾಯಿತು. ಅವನ ಕೆಲಸ ನನಗೆ, ನನ್ನದು ಅವನಿಗೆ. ಇದರಲ್ಲಿ ಹಾಳಾದವರು ಯಾರು?

ಹೊರಡುವ ಹಿಂದಿನ ದಿನ ಮಧ್ಯಾಹ್ನ ದುರ್ಗಯ್ಯನ ಮನೆಯಲ್ಲಿ ಅವನಿಗೆ ಊಟ. ನಿಂಗಮ್ಮ ಮಣೆ ಹಾಕಿ ಕೂರಿಸಿ ಒಬ್ಬಟ್ಟಿಗೆ ತುಪ್ಪ ಬಿಟ್ಟಳು. "ನಮ್ಮ ಪಾಲಿಗೆ ದೇವ್ರಂಗೆ ಬಂದೆ ಕಣಣ್ಣ. ಬರೋವಾಗ ಒಂದು ಗಿಂಡಿ ಗಂಗೆ ತಂದ್ಕೊಡು," ಎಂದಳು. ಆ ಊರಿನಲ್ಲಿ ಅವನನ್ನು ಕೂರಿಸಿ ಬಡಿಸಿದ ಮೊದಲ ಮನೆ ಅದು. ಅವನು ಎಲೆಯಿಂದ ತಲೆ ಎತ್ತದೆ ಉಂಡ.

ತಿಪಟೂರಿನಲ್ಲಿ ರೈಲು ಹತ್ತಿದವನು ಗಾಡಿಯಿಂದ ಗಾಡಿಗೆ ಬದಲಿಸಿ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಗಡಿ ದಾಟಿ ಪೋಖರಾ ಸೇರಿದ. ಎಲ್ಲವೂ ಅವನು ಎಣಿಸಿದಂತೆಯೇ ನಡೆಯಿತು. ಯಜಮಾನರು ಕಾಗದ ನೋಡಿ, "ದುರ್ಗಯ್ಯ ಅಲ್ವಾ? ಬನ್ನಿ ಮಾರಾಯ್ರೆ," ಎಂದು ಕೈ ಹಿಡಿದು ಒಳಗೆ ಕರೆದುಕೊಂಡರು. ದೋಸೆ ಎರಡನೆಯ ದಿನವೇ ಹದಕ್ಕೆ ಬಂತು. ಬಿಳಿಯರು ಬೆರಳು ನೆಕ್ಕಿದರು, ಬಂಗಾಳದಿಂದ ಬಂದ ಯಾತ್ರಿಕರು ಮತ್ತೊಂದು ಕೇಳಿದರು.

ಆದರೆ ಅವನು ಬಯಸಿ ಬಂದ ಮಾತು ಮಾತ್ರ ಸಿಗಲಿಲ್ಲ. ಯಜಮಾನರು ಸಂಜೆ ಕೆಲಸ ಮುಗಿಸಿ ಎದುರಿಗೆ ಕುರ್ಚಿ ಹಾಕಿಕೊಂಡು ಊರಿನ ಸುದ್ದಿ ಕೇಳುತ್ತಿದ್ದರು. ದೊಡ್ಡ ಮಗಳು ಎಷ್ಟನೇ ಕ್ಲಾಸು, ಹೆಂಡತಿ ಯಾವ ಊರಿನವಳು. ಅವನು ಸಾಲ ತಂದ ಉತ್ತರ ಕೊಟ್ಟು ನಿದ್ದೆ ಬಂತೆಂದು ಏಳುತ್ತಿದ್ದ. ತಾಯಿಯ ಮಾತು ಬಾಯ ತುದಿಗೆ ಬಂದದ್ದುಂಟು. ಅವಳು ಮರುಳಪ್ಪನ ತಾಯಿ, ದುರ್ಗಯ್ಯನವಳಲ್ಲ. ಬೆಳಿಗ್ಗೆ ಸರೋವರದಲ್ಲಿ ಹಿಮದ ಬೆಟ್ಟ ತಲೆಕೆಳಗಾಗಿ ನಿಂತಿರುತ್ತಿತ್ತು. ಇದನ್ನು ಯಾರಿಗಾದರೂ ತೋರಿಸಬೇಕು ಅನ್ನಿಸುತ್ತಿತ್ತು. ಯಾರಿಗೆ ಎಂದು ಹುಡುಕಿದರೆ ನೆನಪಿಗೆ ಬರುತ್ತಿದ್ದದ್ದು ಮಣೆ ಹಾಕಿದ ಆ ಒಂದೇ ಮನೆ.

ಶಿವರಾತ್ರಿ ಕಳೆದ ವಾರ, ಬೆಳಗಿನ ಗಿರಾಕಿಗಳು ಎದ್ದುಹೋದ ಹೊತ್ತಿನಲ್ಲಿ, ಯಜಮಾನರು ಒಂದು ಲಕೋಟೆ ಹಿಡಿದು ಒಲೆಯ ಹತ್ತಿರ ಬಂದರು. "ನಿಮ್ಮೂರಿನ ಮುದ್ರೆ ಉಂಟು, ಹೆಸರು ಮಾತ್ರ ಬೇರೆ. ಸಂಕ್ರಾಂತಿಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದೆವಲ್ಲ, ನಾನು ವರ್ಷವೂ ಅದರ ಒಂದೊಂದು ಪ್ರತಿ ಕೆಲಸದವರ ಮನೆಗೆ ಕಳಿಸ್ತೇನೆ, ಮನೆಯವರಿಗೆ ಧೈರ್ಯ ಅಂತ. ನಿಮ್ಮನೆಗೂ ಹೋಗಿತ್ತು, ಅರ್ಜಿಯಲ್ಲಿದ್ದ ವಿಳಾಸಕ್ಕೆ. ಅದಕ್ಕೆ ಉತ್ತರವೋ ಏನೋ." ಮರುಳಪ್ಪನ ಕೈಯಲ್ಲಿ ಸೌಟು ಹಾಗೇ ನಿಂತಿತು. ಕಾವಲಿಯ ಮೇಲೆ ದೋಸೆ ಸೀಯತೊಡಗಿತು. ಲಕೋಟೆಯ ಮೇಲೆ ಕೋಳಿ ಕೆರೆದಂಥ ಅಕ್ಷರ. ಹದಿನೆಂಟು ವರ್ಷ ಕಾಗದ ಹಂಚಿದವನಿಗೆ ತನ್ನ ಸ್ವಂತ ಹೆಸರಿಗೆ ಬಂದ ಮೊದಲ ಕಾಗದ ಅದು, ಆದರೂ ಕೈ ಚಾಚುವಂತಿರಲಿಲ್ಲ. ಯಜಮಾನರು ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ವಿಳಾಸ ಓದಿದರು: "ಮರುಳಪ್ಪನವರಿಗೆ. ಫೋಟೋದಲ್ಲಿ ಬಲಗಡೆಯಿಂದ ಎರಡನೆಯವರು." ಓದಿ, ತಲೆ ಎತ್ತಿ, ಅವನ ಮುಖವನ್ನೇ ನೋಡುತ್ತ ನಿಂತರು.