ಜಾರಿಬಿದ್ದ ಮುಳ್ಳುದಾರ

ಆರನೇ ಕಾಲಿನ ಹೊಲಿಗೆಯೂ ಬಿಚ್ಚಿತು!

ಕೊಪ್ಪಳದ ಒಂದು ಖಾಸಗಿ ಆಸ್ಪತ್ರೆಯ ಪ್ರಯೋಗಕೋಣೆಯಲ್ಲಿ ಎಲ್ಲರೂ ಯಂತ್ರದತ್ತ ಬಾಗಿದರು. ತುಂಡಾದ ಸ್ನಾಯುರಜ್ಜು ಹೊಲಿಯಲು ಯಾವ ದಾರ ಗಟ್ಟಿ—ಬಿಳಿಯೋ, ನೀಲಿಯೋ? ಎರಡೂ ಮುಳ್ಳುದಾರ. ಗಂಟು ಬೇಡ; ಮೈಮೇಲಿನ ಸಣ್ಣ ಮುಳ್ಳುಗಳೇ ಕಚ್ಚಿ ಹಿಡಿಯುತ್ತವೆ. ಕೊಯ್ದ ಆರು ಮೇಕೆಗಳಲ್ಲಿ ಪ್ರತಿಯೊಂದರ ಎಡಗಾಲಿಗೆ ಬಿಳಿ, ಬಲಗಾಲಿಗೆ ನೀಲಿ ದಾರವನ್ನು ಡಾಕ್ಟರು ನಿನ್ನೆಯೇ ಹೊಲಿದಿದ್ದರು; ಇಂದು ಯಂತ್ರದಲ್ಲಿ ಎಳೆದಿದ್ದರು. ಬಿಳಿ ಆರೂ ತಡೆದವು. ನೀಲಿ ಆರೂ—ಸರ್ರನೆ!

ಮಧ್ಯಾಹ್ನ ಹನ್ನೆರಡಕ್ಕೆ ಭಾಗ್ಯನಗರದ ದರ್ಜಿ ಶಬೀನಾಳ ರಜ್ಜು ತುಂಡಾದ ಹೆಬ್ಬೆರಳಿನ ಶಸ್ತ್ರಚಿಕಿತ್ಸೆ. ಬಿಳಿ ಅವಳ ಬೆರಳಿಗೆ ದಪ್ಪ, ನೀಲಿಯೇ ಗತಿ. ಅದು ಜಾರಿದರೆ ಅವಳು ಮತ್ತೆ ಕತ್ತರಿ ಹಿಡಿಯುವಂತಿಲ್ಲ. ಪಟ್ಟಿ ಕಟ್ಟಿದ ಕೈ ಎದೆಗವಚಿ ಅವಳು ಬಾಗಿಲಲ್ಲೇ ನಿಂತಿದ್ದಳು.

"ನಕಲಿ ಮಾಲು!" ಡಾಕ್ಟರ್ ಗಾದಿಲಿಂಗಪ್ಪ ಗುಡುಗಿದರು.

ಭದ್ರತಾ ಮುಖ್ಯಸ್ಥ ಕಳಕೇಶ ಮುಂದೆ ಬಂದ. ನಿವೃತ್ತ ಹವಾಲ್ದಾರ, ಯಾರ ದನಿ, ಯಾರ ಕೈಚಳಕವಾದರೂ ಕೇಳಿದ್ದೇ ತಡ, ನೋಡಿದ್ದೇ ತಡ, ಹಾಗೇ ಮಾಡಿ ತೋರಿಸುವವ. ಜಾರಿದ ನೀಲಿ ದಾರವನ್ನು ಬೆಳಕಿಗೆ ಹಿಡಿದ.

"ಹರದಿಲ್ರಿ, ಜಾರೇತಿ. ಮುಜೀಬ, ಕಾಲು ಕೊಳತಿದ್ವೇನು?"

"ಹಿಟ್ನಾಳದಾಗ ನಿನ್ನೆ ಕೊಯ್ದದ್ದ್ರೀ!" ಕಟುಕ ಮುಜೀಬ ಬೆವೆತ.

"ಕೊಳತಿದ್ರ ಬಿಳಿನೂ ಜಾರತಿತ್ತು. ನೀ ಪಾರು." ದಾರದ ವ್ಯಾಪಾರಿಯತ್ತ ತಿರುಗಿ, ಅವನದೇ ಜೇನುದನಿಯಲ್ಲಿ—"ಗೋವಿಂದರಾಜಣ್ಣಾ, ನಿಮ್ದು ಏ-ಒನ್ ಮಾಲ್ ಹೌದಲ್ಲ ಸಾರ್?"

"ಚ್ಯಾಷ್ಟಿ ಸಾಕ್ರೀ! ಒಡೆದು ನೋಡ್ರಿ!"

ಹೊಸ ಪೊಟ್ಟಣದ ನೀಲಿ ದಾರ ಭೂತಗನ್ನಡಿಯಡಿ ಬಂತು. ಮುಳ್ಳೆಲ್ಲ ನೆಟ್ಟಗೆ! ಕಾಲಿನಿಂದ ಜಾರಿದ್ದರಲ್ಲಿ? ಎಲ್ಲ ಮಲಗಿವೆ—ಬಾಚಿದ ಹಾಗೆ.

ಪೊಟ್ಟಣಕ್ಕೂ ಕಾಲಿಗೂ ನಡುವೆ ಇದ್ದವರು ಯಾರು?

"ಡಾಕ್ಟ್ರ, ನಿನ್ನೆ ಹೊಲದಂಗ ಒಂದು ಹೊಲೀರಿ."

"ನನ್ನ ಮ್ಯಾಲೆ ಸಂಶಯ?"

"ಹನ್ನೊಂದೂವರಿ ಆತ್ರಿ."

ಡಾಕ್ಟರು ಸಿಡುಕುತ್ತ ನೀಲಿ ದಾರ ಎತ್ತಿಕೊಂಡು ಅದರ ಮೇಲೆ ಬೆರಳಾಡಿಸಿದರು—

"ನಿಲ್ಲ್ರೀ!"

ಕಳಕೇಶ ಅವರಂತೆಯೇ ಎದೆ ಸೆಟೆಸಿ, ಇಲ್ಲದ ದಾರವನ್ನು ಗಾಳಿಯಲ್ಲಿ ಹಿಡಿದು, ಅವರು ಈಗಷ್ಟೇ ಮಾಡಿದ ಹಾಗೆ ಹೆಬ್ಬೆರಳಿನ ಉಗುರಿನಿಂದ ತುದಿತನಕ ತೀಡಿದ. ಒಮ್ಮೆ. ಎರಡು ಸಲ.

"ಬಿಳಿ ದಾರ ನೆಟ್ಟಗ ಬರತೈತಿ. ನೀಲಿ ಸುರುಳಿ. ಸುರುಳಿ ಕಂಡ ಕೂಡ್ಲೆ ನಿಮ್ಮ ಕೈ ತಡೀಲಿಲ್ಲ. ಮುಳ್ಳು ಮಲಗಸಿದವರು ನೀವs ರೀ!"

ಗಾದಿಲಿಂಗಪ್ಪನವರ ಮುಖ ಇಳಿಯಿತು. "ನಮ್ಮದು ಮಗ್ಗದ ಮನಿ... ಎಳಿ ತೀಡದ ಏರಸಿದ್ರ ಅವ್ವ ಬೆರಳ ಮ್ಯಾಲೆ ಹೊಡೀತಿದ್ಲು. ಕೈ ತಾನ ಮಾಡಿಬಿಡತೈತಿ."

ತೀಡದೆ, ಚಿಮಟದಲ್ಲಿ ಹಿಡಿದು ಹೆಚ್ಚಿಗೆ ತಂದಿದ್ದ ಏಳನೇ ಕಾಲನ್ನು ಅವರೇ ಹೊಲಿದರು. ಯಂತ್ರ ಎಳೆಯಿತು. ಮತ್ತೂ ಎಳೆಯಿತು. ನೀಲಿ ಕದಲಲಿಲ್ಲ.

ಡಾಕ್ಟರು ಬಾಗಿಲತ್ತ ನೋಡಿದರು. "ಎಲ್ಲಾ ಕೇಳಿದ್ಯಲ್ಲವ್ವಾ. ಇನ್ನೂ ನನ್ನ ಕೈಲೆ ಹೊಲಿಸ್ಕೋತೀಯೇನು?"

ಶಬೀನಾ ಒಳಗೆ ಬಂದು ಆ ಹೊಲಿಗೆಯನ್ನು ಬಗ್ಗಿ ನೋಡಿದಳು.

"ಹೊಲೀರಿ. ಆದ್ರ ನನ್ನ ಪೂರಾ ಮಲಗಸಬ್ಯಾಡ್ರಿ, ಬರೇ ಕೈ ಜೋಮು ಹಿಡಸ್ರಿ. ನಾ ಎಚ್ಚರ ಇದ್ದು ನೋಡಕೋತ ಇರತೇನಿ. ಉಗುರು ಹಚ್ಚಿದ್ರೋ—ಆಸ್ಪತ್ರಿ ಹಾರೂವಂಗ ಒದರತೇನಿ!"