ಸೇತುವೆಗೆ ಸರಪಳಿ ಹಾಕಿದ ಊರು

ತಮ್ಮ ತೀರಿಕೊಂಡ ಸುದ್ದಿ ಬಂದಾಗ ನನ್ನ ಕುತ್ತಿಗೆಯ ಮೇಲೆ ಚಾಕು ಇತ್ತು.

ಲಾಡ್ಜ್ ಒಂದರ ಮೆಟ್ಟಿಲು. ಚಾಕು ಹಿಡಿದವನು ಮದುವೆಯಾಗುತ್ತೇನೆಂದು ನಂಬಿಸಿ ಒಬ್ಬ ನರ್ಸಿನ ಒಡವೆ ಎತ್ತಿಕೊಂಡು ಬಂದ ಫಟಿಂಗ. ಅದನ್ನು ವಾಪಸ್ ಕೊಡಿಸುವುದು ನನ್ನ ಕೆಲಸ. ಹೌದು, ಈ ವಯಸ್ಸಿನಲ್ಲೂ! ಓಡಿಹೋದವರನ್ನು ಹಿಡಿಯುವುದು, ಕಾಣೆಯಾದವರನ್ನು ಹುಡುಕುವುದು... ಇದೇ ನನ್ನ ಹೊಟ್ಟೆಪಾಡು. ಮಂಡಿನೋವು ಬಂದ ಮೇಲೆ ಓಡುವುದನ್ನು ಬಿಟ್ಟಿದ್ದೇನೆ. ಅಡ್ಡ ನಿಲ್ಲುವುದನ್ನು ಬಿಟ್ಟಿಲ್ಲ.

ಚೀಲದಲ್ಲಿ ಫೋನ್ ರಿಂಗಾಯಿತು.

“ಎತ್ತಲಾ?” ಎಂದೆ.

“ಎತ್ತಿ ಸಾಯಿ!”

ನಾದಿನಿ. ನನ್ನ ತಮ್ಮನ ಹೆಂಡತಿ.

“ಅತ್ತಿಗೆ... ಇವರು ಹೋಗ್ಬಿಟ್ರು.”

“ಎಲ್ಲಿಗೆ?”

ಎಂಥ ದಡ್ಡ ಪ್ರಶ್ನೆ! ಯಾರೋ ಅವಳ ಕೈಯಿಂದ ಫೋನ್ ಕಿತ್ತುಕೊಂಡರು. ಗಂಡಸಿನ ದನಿ. ಬೆಣ್ಣೆಯಂಥ ದನಿ.

“ಅಕ್ಕ, ನಾನು ಮೇಸ್ತ್ರಿ. ಕಾಲು ಜಾರಿ ಮಿಲ್ಲಿನ ನೀರಿನ ತೊಟ್ಟಿಗೆ ಬಿದ್ದ. ಹಣೆಬರಹ! ನೀವು ಅಷ್ಟು ದೂರದಿಂದ ಬರೋದು ಬೇಡ. ಎಲ್ಲ ನಾವೇ ಮುಗಿಸ್ತೀವಿ.”

ಲೈನ್ ಕಟ್.

ಚಾಕುವಿನವನು ನನ್ನ ಮುಖ ನೋಡಿದ.

“ಯಾರಮ್ಮ?”

“ತಮ್ಮ.”

ಚಾಕು ಕೆಳಗಿಳಿಯಿತು. ಒಡವೆಯ ಪೊಟ್ಟಣವನ್ನು ನನ್ನ ಕೈಗೆ ತುರುಕಿದ.

“ಹೋಗಮ್ಮ, ಹೋಗು... ಇಂಥ ಹೊತ್ತಲ್ಲಿ ನನಗೆ ಶಾಪ ಗೀಪ ಹಾಕ್ಬೇಡ.”

ಹಾಕಲಿಲ್ಲ. ಶಾಪವನ್ನು ಆಗಲೇ ಬೇರೆಯವನಿಗೆ ಎತ್ತಿಟ್ಟಿದ್ದೆ.

ಏಕೆಂದರೆ ನನ್ನ ತಮ್ಮ ಮೀನಿನ ಹಾಗೆ ಈಜುತ್ತಿದ್ದ. ಈಜು ಕಲಿತದ್ದೇ ಆ ತೊಟ್ಟಿಯಲ್ಲಿ!

ದಾರಿಯುದ್ದಕ್ಕೂ ದೇವರ ನಾಮ ಹೇಳಿಕೊಂಡೇ ಕಾರು ಓಡಿಸಿದೆ. ಅಳು ಬರಲಿಲ್ಲ. ಬರಬೇಡ ಎಂದು ಬೇಡಿಕೊಂಡಿದ್ದೆ. ಕಣ್ಣು ಮಂಜಾದರೆ ಸ್ಟಿಯರಿಂಗ್ ಹಿಡಿಯುವವರು ಯಾರು?

ನಮ್ಮೂರನ್ನು ಮೂರು ಕಡೆ ಹೊಳೆ ಬಳಸಿಕೊಂಡಿದೆ. ನಾಲ್ಕನೆಯ ಕಡೆ ಕಡಿದಾದ ಬಂಡೆ. ಒಳಗೆ ಹೋಗಲು, ಹೊರಗೆ ಬರಲು ಒಂದೇ ಸೇತುವೆ. ಸೇತುವೆಯ ಈಚೆ, ಹೆದ್ದಾರಿಗೆ ತಾಗಿದಂತೆ ಸ್ಮಶಾನ. ಅಲ್ಲಿ ಹೊಸ ಮಣ್ಣಿನ ಗುಡ್ಡೆಯೊಂದು ಕಾಣಿಸಿತು. ಕಾರು ನಿಲ್ಲಿಸಿದೆ. ಅಕ್ಕ ಬರುವ ತನಕ ಕಾಯುವ ವ್ಯವಧಾನವೂ ಅವರಿಗೆ ಇರಲಿಲ್ಲ. ಒಂದು ಹಿಡಿ ಮಣ್ಣು ಎತ್ತಿ ಹಾಕಿ ಕೈ ಮುಗಿದೆ.

“ಯಾರು ಮಾಡಿದ್ದೋ?” ಎಂದೆ.

ಬದುಕಿದ್ದಾಗಲೂ ಅವನು ನನಗೆ ಬೇಗ ಉತ್ತರ ಕೊಟ್ಟವನಲ್ಲ.

ಸೇತುವೆಗೆ ಅಡ್ಡಲಾಗಿ ದಪ್ಪ ಸರಪಳಿ! ಪಕ್ಕದಲ್ಲಿ ಕುರ್ಚಿ. ಕುರ್ಚಿಯಲ್ಲಿ ಒಂದು ಮೀಸೆ. ಮೀಸೆಯ ಹಿಂದೆ ಒಬ್ಬ ಮನುಷ್ಯ.

“ಎಲ್ಲಿಗೆ?”

“ನನ್ನ ಊರಿಗೆ.”

“ಯಾರ ಪರ್ಮಿಷನ್?”

“ನಮ್ಮಮ್ಮಂದು. ಇಲ್ಲೇ ಹೆತ್ತಳು.”

ಮೀಸೆ ನಗಲಿಲ್ಲ. ಸರಪಳಿ ಮಾತ್ರ ಇಳಿಯಿತು. ನಾನು ದಾಟಿದ ಕೂಡಲೇ ಮತ್ತೆ ಏರಿತು. ಮೊಬೈಲ್ ನೋಡಿದೆ. ಸಿಗ್ನಲ್ ಇಲ್ಲ. ಊರಿನ ಟವರ್ ಕೆಟ್ಟು ಎಷ್ಟೋ ಕಾಲವಾಗಿತ್ತಂತೆ. ಇರುವುದು ಮೇಸ್ತ್ರಿಯ ಆಫೀಸಿನ ಲ್ಯಾಂಡ್‌ಲೈನ್ ಒಂದೇ.

ಇಲಿ ಬೋನು ನೋಡಿದ್ದೀರಲ್ಲ? ಬಾಗಿಲು ಬಿದ್ದ ಸದ್ದು ಕೇಳಿದ ಮೇಲೆ ಇಲಿಗೆ ಬುದ್ಧಿ ಬರುತ್ತದೆ.

ಫೋನಿನ ಆ ಬೆಣ್ಣೆ ದನಿಯವನು ಜೀಪಿನ ಹತ್ತಿರ ನನಗಾಗಿ ಕಾಯುತ್ತಿದ್ದ. ಕಾರಿನಿಂದ ಇಳಿದೆ. ಒಗೆದು ಇಸ್ತ್ರಿ ಮಾಡಿದ ಬಿಳಿ ಷರಟು. ಒಂದು ಕಾಲದಲ್ಲಿ ನಮ್ಮೂರ ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿಗೆ ಇವನೇ ಮೇಸ್ತ್ರಿ. ಮಿಲ್ಲು ಮುಚ್ಚಿತು. ಮೇಸ್ತ್ರಿಗಿರಿ ಮುಚ್ಚಲಿಲ್ಲ. ಈಗ ಇಡೀ ಊರೇ ಅವನ ಶೆಡ್ಡು.

“ಬೇಡ ಅಂದೆನಲ್ಲ ಅಕ್ಕ...”

“ಅಕ್ಕನಿಗೆ ಕಿವಿ ಮಂದ ಅಂದ್ಕೋ.”

“ಬಂದಿದೀರಿ, ಸಂತೋಷ. ಕಾರಿನ ಕೀ ಕೊಡಿ. ಟೈರ್ ಸರಿಯಿಲ್ಲ, ನಮ್ಮ ಹುಡುಗರು ನೋಡ್ತಾರೆ.”

“ಟೈರ್ ಚೆನ್ನಾಗಿದೆ.”

“ಇತ್ತು!” ಎಂದ. ತಿರುಗಿ ನೋಡಿದೆ. ಅವನ ಹುಡುಗರು ಆಗಲೇ ಗಾಳಿ ತೆಗೆದಿದ್ದರು, ನಾಲ್ಕೂ ನೆಲ ಕಚ್ಚಿದ್ದವು.

“ಬನ್ನಿ, ಊರು ತೋರಿಸ್ತೀನಿ. ಎಷ್ಟು ವರ್ಷ ಆಯ್ತು ನೀವು ನೋಡಿ!”

ಒಬ್ಬ ಲಂಬು ಜೀಪು ಓಡಿಸಿದ. ಅವನೂ ಹಳೆಯ ಮಿಲ್ಲಿನವನೇ. ನಾನು ಮಧ್ಯೆ, ಮೇಸ್ತ್ರಿ ಅಂಚಿನಲ್ಲಿ. ಹುಟ್ಟಿದ ಊರನ್ನು ಹೀಗೆ ಇಬ್ಬರ ನಡುವೆ ಸಿಕ್ಕಿಕೊಂಡು ನೋಡುತ್ತೇನೆಂದು ಅಂದುಕೊಂಡಿರಲಿಲ್ಲ.

ಸಿನಿಮಾ ಥಿಯೇಟರ್. ಟಿಕೆಟ್ ಕಿಟಕಿಗೆ ಇಟ್ಟಿಗೆ ಕಟ್ಟಿದ್ದರು. ಒಳಗೆ ಅವನ ಲಾರಿಗಳು. ರೈಲು ಸ್ಟೇಷನ್. ಬೆಂಚುಗಳಿದ್ದವು, ಗಡಿಯಾರವಿತ್ತು. ಹಳಿ ಇರಲಿಲ್ಲ! ಕಿತ್ತು ಮಾರಿದ್ದರು. ಪಾರ್ಕಿನ ಕಾರಂಜಿಯ ತೊಟ್ಟಿಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಒಂದು ಬ್ರೆಡ್ಡು, ರಾಜನ ಹಾಗೆ ಕೂತಿತ್ತು. ಜೀಪು ಕಂಡ ಕಡೆಯೆಲ್ಲ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನನ್ನ ಜೊತೆ ಆಡಿ ಬೆಳೆದವಳೊಬ್ಬಳು ಕಿಟಕಿಯಲ್ಲಿ ಗುರುತು ಹಿಡಿದಳು. ಕೈ ಎತ್ತಿದಳು. ಅರ್ಧಕ್ಕೇ ಇಳಿಸಿದಳು.

“ಊರು ಸಾಯ್ತಿತ್ತು ಅಕ್ಕ. ನಾನು ಉಸಿರು ಹಿಡಿದಿಟ್ಟೆ.”

“ಹಿಡಿದದ್ದು ಉಸಿರನ್ನೋ, ಕುತ್ತಿಗೇನೋ?”

ಲಂಬು ಗಕ್ಕನೆ ಬ್ರೇಕ್ ಹಾಕಿದ. ನನ್ನ ಹಣೆ ಮುಂದಿನ ಕಂಬಿಗೆ ಬಡಿಯಿತು.

“ರಸ್ತೆ ಸರಿಯಿಲ್ಲ,” ಎಂದ ಮೇಸ್ತ್ರಿ.

ಮಿಲ್ಲು. ಮಗ್ಗದ ಶೆಡ್ಡು. ಮಗ್ಗಗಳಿದ್ದ ಜಾಗದಲ್ಲಿ ನೀಲಿ ಡ್ರಮ್ಮುಗಳು... ಸೂರಿನ ತನಕ! ಮೂಗು ಉರಿಯಿತು.

“ಏನಿದು?”

“ಬೇರೆ ಊರಿನ ಫ್ಯಾಕ್ಟರಿಗಳ ಕೊಳೆ. ಇಡೋಕೆ ಅವರಿಗೆ ಜಾಗ ಬೇಕು. ಜಾಗ ಬಿಟ್ರೆ ನಮ್ಮ ಹತ್ರ ಇನ್ನೇನಿದೆ?”

ಕೆಲವು ಡ್ರಮ್ಮು ಸೋರುತ್ತಿದ್ದವು. ಸೋರಿದ್ದು ಗೋಡೆಯಾಚೆಯ ತೊಟ್ಟಿಯ ಕಡೆ ಹರಿಯುತ್ತಿತ್ತು. ಊರೆಲ್ಲ ಕುಡಿಯುವುದು ಆ ತೊಟ್ಟಿಯ ನೀರನ್ನೇ. ನನ್ನ ತಮ್ಮ ಮಿಲ್ಲಿನ ಗೇಟ್ ಕಾಯುತ್ತಿದ್ದ. ಕತೆ ಅರ್ಥವಾಯಿತು.

“ಇನ್ನು ಡ್ರಮ್ಮಿನ ಲಾರಿಗೆ ಅವನು ಗೇಟ್ ತೆಗೀಲಿಲ್ಲ. ಅಲ್ವಾ?”

“ಹಟಮಾರಿ. ನಿಮ್ಮ ಹಾಗೇ.” ಅವನು ಖಾಲಿ ಗೋಡೆ ನೋಡುತ್ತ ನಿಂತ. ಒಂದು ಗಳಿಗೆ ಅವನ ಮುಖ ನಿಜವಾಗಿಯೂ ಮೆತ್ತಗಾಯಿತು. “ಎಂಥ ಸದ್ದು ಇತ್ತು ಇಲ್ಲಿ! ಪಕ್ಕದವನು ಕಿರುಚಿದ್ರೂ ಕೇಳಿಸ್ತಿರಲಿಲ್ಲ. ಮಾತೆಲ್ಲ ತುಟೀಲೇ. ದನಿ ಇಲ್ಲ, ಬರೀ ತುಟಿ ಆಡಿಸೋದು. ಮ್ಯಾನೇಜರ್ ಎದುರಿಗೇ ಮ್ಯಾನೇಜರನ್ನ ಬೈತಿದ್ವಿ! ನಿಮಗೆಲ್ಲಿ ಗೊತ್ತಿರುತ್ತೆ? ಹಾಸ್ಟೆಲಲ್ಲಿ ಓದಿದೋರು. ಶೆಡ್ಡಿಗೆ ಕಾಲಿಟ್ಟೋರಲ್ಲ.”

“ಹೌದಪ್ಪ. ನನಗೇನು ಗೊತ್ತು,” ಎಂದೆ.

ನನ್ನ ತಾಯಿ ಆ ಶೆಡ್ಡಿನಲ್ಲಿ ಮುದುಕಿಯಾದವಳು. ಮಗ್ಗದ ಸದ್ದು ಅವಳ ಕಿವಿಯನ್ನು ಪೂರ್ತಿ ತಿಂದುಹಾಕಿತ್ತು. ನಮ್ಮ ಮನೆಯಲ್ಲಿ ಬೈಗುಳ, ಮುದ್ದು, ಪ್ರಾರ್ಥನೆ... ಎಲ್ಲವೂ ತುಟಿಯಲ್ಲೇ. ಅಕ್ಷರ ಓದುವ ಮೊದಲು ನಾನು ತುಟಿ ಓದಲು ಕಲಿತೆ.

ಮಗ್ಗದವರ ಮನೆಯ ಮಕ್ಕಳಿಗೂ ಅದು ಬರುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಹೇಳುವ ಅಗತ್ಯ ಕಾಣಲಿಲ್ಲ.

“ನಾಳೆ ಇನ್‌ಸ್ಪೆಕ್ಟರ್ ವಿಚಾರಣೆಗೆ ಬರ್ತಾರೆ,” ಎಂದ ಮೇಸ್ತ್ರಿ. “ಗಂಡ ಕುಡಿದು ಬಿದ್ದ ಅಂತ ನಿಮ್ಮ ನಾದಿನಿ ಒಂದು ಮಾತು ಹೇಳಿದ್ರೆ ಮುಗೀತು. ನೀವೇ ಬುದ್ಧಿ ಹೇಳಿ.”

“ಹೇಳದಿದ್ರೆ?”

“ತೊಟ್ಟಿ ಆಳ ಇದೆ ಅಕ್ಕ.”

ತಮ್ಮನ ಮನೆ. ಒಂದು ನಡುಮನೆ, ಒಂದು ಅಡುಗೆಮನೆ. ಗೋಡೆಯ ಉದ್ದಕ್ಕೂ ಸಾವಿಗೆ ಬಂದ ಅಕ್ಕಪಕ್ಕದ ಮುದುಕಿಯರು ಸಾಲಾಗಿ ಕೂತಿದ್ದರು. ಎಲ್ಲರೂ ಹಳೆಯ ಮಗ್ಗದವರು. ನನ್ನ ತಾಯಿಯ ಹಾಗೆ ಎಲ್ಲರ ಕಿವಿಯೂ ಮಿಲ್ಲಿಗೆ ಹೋಗಿತ್ತು. ಎಲ್ಲರಿಗಿಂತ ಹಿರಿಯಳು, ಎದುರು ಮನೆಯ ದೊಡ್ಡಮ್ಮ.

ನಾದಿನಿ ನನ್ನನ್ನು ತಬ್ಬಿಕೊಂಡಳು. ಅವಳು ಬೇರೆ ಊರಿನಿಂದ ಮದುವೆಯಾಗಿ ಬಂದವಳು.

“ಮಣ್ಣಿಗೂ ಕರ್ಕೊಂಡು ಹೋಗ್ಲಿಲ್ಲ ಅತ್ತಿಗೆ! ಒಳಗೆ ಹಾಕಿ ಬೀಗ ಹಾಕಿದ್ರು.”

“ಹೆಣ್ಣುಮಕ್ಕಳು ನೋಡಬಾರದು ಅಂತ...” ಮೇಸ್ತ್ರಿ ಬಾಗಿಲಲ್ಲೇ ನಿಂತು ಹೇಳಿದ. “ನಾಳೆ ಏನು ಹೇಳ್ಬೇಕು ಅಂತ ನೆನಪಿದೆ ತಾನೇ ತಂಗಿ?”

ನಾದಿನಿ ಕಣ್ಣೊರೆಸಿಕೊಂಡಳು. ಕಡ್ಡಿಯಂಥ ಹೆಂಗಸು. ನೆಟ್ಟಗೆ ನಿಂತಳು.

“ಅವರು ಒಂದು ಹನಿ ಕುಡಿದೋರಲ್ಲ. ಸತ್ತೋರ ಮೇಲೆ ನಾನು ಸುಳ್ಳು ಹೇಳಲ್ಲ.”

ಗೋಡೆಯ ಸಾಲಿನ ಕಣ್ಣೆಲ್ಲ ಅವಳ ತುಟಿಯ ಮೇಲಿತ್ತು.

“ಆಯ್ತು ತಂಗಿ, ನಿನ್ನಿಷ್ಟ,” ಎಂದ ಮೇಸ್ತ್ರಿ. ಬೆಣ್ಣೆ ಕರಗಲಿಲ್ಲ.

ನಾನು ತಮ್ಮನ ಫೋಟೋದ ಮುಂದೆ ನಿಂತು ಕೈ ಮುಗಿದೆ. ಬೆನ್ನು ಬಾಗಿಲಿಗೆ. ಫೋಟೋದ ಗಾಜಿನಲ್ಲಿ ಬಾಗಿಲು ಕಾಣುತ್ತಿತ್ತು. ಮೇಸ್ತ್ರಿ ಒಳಗೆ ನಿಂತಿದ್ದ ಲಂಬುವಿನ ಕಡೆ ತಿರುಗಿದ.

ಅವನ ತುಟಿ ಆಡಿತು. ದನಿ ಇಲ್ಲ. ಬರೀ ತುಟಿ.

*ಕತ್ತಲಾಗೋ ಮುಂಚೆ. ಇಬ್ಬರಿಗೂ. ಅವನಿಗೆ ಮಾಡಿದ ಹಾಗೇ... ತಲೆ ಹಿಂದೆ ಹೊಡಿ, ತೊಟ್ಟಿಗೆ ಹಾಕು.*

ಲಂಬು ತಲೆಯಾಡಿಸಿದ.

ಜೀವಮಾನದ ಅಭ್ಯಾಸ! ಗುಟ್ಟು ಬಂದರೆ ಮಿಲ್ಲಿನವನ ದನಿ ತಾನಾಗಿ ಇಳಿದು ತುಟಿ ಏಳುತ್ತದೆ. ನನಗೆ ತಿಳಿಯದು ಎಂದುಕೊಂಡ. ಸರಿ, ನಾನು ಹಾಗೆ ನಂಬಿಸಿದ್ದೆ. ಆದರೆ ಗೋಡೆಗೆ ಒರಗಿದ್ದ ಮುದುಕಿಯರು? ಅವರನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯ ಸಾಮಾನು ಎಂದುಕೊಂಡಿದ್ದ.

ಲಂಬುವನ್ನು ಕಾವಲಿಗೆ ಹೊರಗೆ ಜಗಲಿಯ ಮೇಲೆ ಕೂರಿಸಿ ಮೇಸ್ತ್ರಿ ಆಫೀಸಿಗೆ ಹೋದ. ನಾನು ತಿರುಗಿದೆ. ಸಾಲು ಸಾಲು ಸುಕ್ಕು ಮುಖಗಳು. ಎಲ್ಲ ಕಣ್ಣುಗಳೂ ನನ್ನ ಮೇಲೆ.

*ನೋಡಿದ್ರಾ?* ತುಟಿ ಆಡಿಸಿದೆ.

ದೊಡ್ಡಮ್ಮನ ತುಟಿ ಆಡಿತು. *ನೋಡಿದ್ವಿ. ಪಾಪಿ ನನ್ಮಗ! ಅವನಿಗೆ ಮಗ್ಗ ಕಲಿಸಿದ್ದೇ ನಾನು.*

*ಹೊರಗೆ ಹೋಗ್ಬೇಕು. ಇವತ್ತೇ.*

*ಸರಪಳಿ ಇದೆಯಲ್ಲ ಮಗಳೇ?*

*ಸ್ಮಶಾನ ಸರಪಳಿ ಆಚೆ ಇದೆ, ದೊಡ್ಡಮ್ಮ. ಹೆಂಡತಿ ಗಂಡನ ಮಣ್ಣು ನೋಡಿಲ್ಲ.*

ದೊಡ್ಡಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು, ಅವಳ ಹಿಂದೆ ಉಳಿದವರೂ. ಎದ್ದಾಗ ಎಲ್ಲರ ಮೂಳೆಗಳೂ ಲಟಪಟ ಅಂದವು. ಮಗ್ಗವೇ ಮತ್ತೆ ಶುರುವಾದ ಹಾಗೆ!

ಲಂಬು ಅಡ್ಡ ಬಂದ. “ಎಲ್ಲಿಗೆ?”

ದೊಡ್ಡಮ್ಮ ಕಿವುಡರ ಗಂಟಲಲ್ಲಿ ಬೀದಿಗೇ ಕೇಳುವಂತೆ ಹೇಳಿದಳು: “ಗಂಡನ ಮಣ್ಣು ನೋಡೋಕೆ ಹೋಗ್ತಾಳೆ! ನೀನು ಅಡ್ಡ ಬರ್ತೀಯಾ?”

“ಮೇಸ್ತ್ರಿನ ಕೇಳ್ಬೇಕು...”

“ಏನಂದೆ? ನನಗೆ ಕೇಳಿಸಲ್ಲ.”

ನಡೆದೆವು. ಮಧ್ಯದಲ್ಲಿ ನಾದಿನಿ, ಅವಳ ಕೈ ನನ್ನ ಕೈಯಲ್ಲಿ. ಸುತ್ತ ಮುದುಕಿಯರು. ಬೀದಿಯಲ್ಲಿ ಒಂದು ಬಾಗಿಲು ತೆರೆಯಿತು. ಇನ್ನೊಂದು. ದೊಡ್ಡಮ್ಮ ನಡೆಯುತ್ತಲೇ ತುಟಿ ಆಡಿಸುತ್ತಿದ್ದಳು. ನೋಡಿದವರು ಚಪ್ಪಲಿ ಮೆಟ್ಟಿ ಬಂದು ಸೇರುತ್ತಿದ್ದರು. ಕಿಟಕಿಯಲ್ಲಿ ಕೈ ಇಳಿಸಿದ್ದವಳೂ ಬಂದಳು.

ಲಂಬು ಮೇಸ್ತ್ರಿಯ ಆಫೀಸಿನ ಕಡೆ ಓಡಿದ. ನನ್ನ ಮಂಡಿ ಉರಿಯುತ್ತಿತ್ತು. ಓಡು ಎಂದು ಮೈಯೆಲ್ಲ ಕೂಗುತ್ತಿತ್ತು. ಮುದುಕಿಯರ ಹೆಜ್ಜೆ ಓಡುವುದಿಲ್ಲ!

ಸೇತುವೆ ಕಂಡಿತು. ಅದೇ ಹೊತ್ತಿಗೆ ಹಿಂದೆ ಜೀಪು. ಹಾರ್ನ್... ಮತ್ತೆ ಹಾರ್ನ್... ಕಿವಿ ಸೀಳುವ ಹಾರ್ನ್!

ಯಾರೂ ಸರಿಯಲಿಲ್ಲ. ತಿರುಗಿಯೂ ನೋಡಲಿಲ್ಲ. ಹಾರ್ನ್ ಕೇಳಿಸುವ ಕಿವಿ ಹಿಂದಿನ ಸಾಲಿನಲ್ಲಿ ಯಾರಿಗೂ ಇರಲಿಲ್ಲ.

ಜೀಪಿನ ಮೂತಿ ಹಿಂದಿನ ಸಾಲಿನ ಒಬ್ಬಳ ಬೆನ್ನಿಗೆ ತಾಗಿತು. ಅವಳು ಆಗ ತಿರುಗಿದಳು.

“ಬ್ರೇಕ್ ಇಲ್ವೇನೋ ನಿನ್ನ ಗಾಡಿಗೆ?”

ಮುಂದೆ ಸರಪಳಿ. ಮೀಸೆ ಎದ್ದು ನಿಂತ. ಕೈಯಲ್ಲಿ ಕಬ್ಬಿಣದ ರಾಡು.

“ವಾಪಸ್ ಹೋಗಿ!”

ಗುಂಪಿನೊಳಗಿಂದ ಒಬ್ಬ ಕುಳ್ಳ ಮುದುಕಿ ಮುಂದೆ ಬಂದಳು. ಮೀಸೆಯ ಎದೆಯೆತ್ತರವೂ ಇರಲಿಲ್ಲ.

“ಅಮ್ಮ... ನೀನ್ಯಾಕೆ ಇಲ್ಲಿ?”

“ಮೊದಲು ರಾಡ್ ಕೆಳಗೆ ಹಾಕು. ಆಮೇಲೆ ಸರಪಳಿ ಇಳಿಸು. ಯಾಕೆ ಅಂತ ಮನೇಲಿ ಹೇಳ್ತೀನಿ.”

“ಮೇಸ್ತ್ರಿ ನನ್ನ ಸಾಯಿಸ್ತಾನೆ ಕಣಮ್ಮ!”

“ನಾನು ಬಿಟ್ಟರೆ ತಾನೇ!”

ಹಿಂದೆ ಮೇಸ್ತ್ರಿ ಜೀಪಿನಿಂದ ಜಿಗಿದು ಕಿರುಚುತ್ತಿದ್ದ. “ಇಳಿಸಬೇಡವೋ! ಅಕ್ಕ, ನಿಲ್ಲಿ! ಊರಿನ ಅನ್ನ ಕಿತ್ಕೋಬೇಡಿ!”

ದೊಡ್ಡಮ್ಮ ತಿರುಗಿ ನಿಂತಳು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಎಲ್ಲ ಕಣ್ಣುಗಳೂ ಒಂದೇ ಕಡೆ... ಅವನ ಬಾಯಿಯ ಮೇಲೆ.

ಅವನು ಆ ಕಣ್ಣುಗಳನ್ನು ನೋಡಿದ. ನಡುಮನೆಯ ಗೋಡೆ ನೆನಪಾಗಿರಬೇಕು. ಅವನ ಕೈ ತಾನಾಗಿ ಮೇಲೆ ಹೋಗಿ ಬಾಯಿ ಮುಚ್ಚಿತು.

ತಡವಾಗಿತ್ತು!

ಸರಪಳಿ ಘಣಘಣ ಎಂದು ನೆಲಕ್ಕೆ ಬಿತ್ತು. ಸೇತುವೆ ದಾಟುತ್ತಲೇ ಮೊಬೈಲ್‌ಗೆ ಸಿಗ್ನಲ್ ಬಂತು. ಮರುದಿನ ವಿಚಾರಣೆಗೆ ಬರಬೇಕಿದ್ದ ಹೆದ್ದಾರಿ ಠಾಣೆಯ ಇನ್‌ಸ್ಪೆಕ್ಟರ್ ನನಗೆ ಹಳೆಯ ಪರಿಚಯ. “ನಾಳೆ ಅಲ್ಲಪ್ಪ, ಈಗ ಬಾ,” ಎಂದೆ. ಪೊಲೀಸ್ ಜೀಪು ಬರುವ ತನಕ ನಾದಿನಿ ಗಂಡನ ಮಣ್ಣಿನ ಮೇಲೆ ಕೈಯಿಟ್ಟು ಕೂತಿದ್ದಳು. ನನಗೂ ಆಗ ಅಳು ಬಂತು. ತಡೆಯಲಿಲ್ಲ. ಸುತ್ತ ಮುದುಕಿಯರ ಕೋಟೆ ಇತ್ತು.

ಅದೇ ಮಣ್ಣನ್ನು ಅಗೆದು ನೋಡಿದರು. ತಮ್ಮನ ತಲೆಯ ಹಿಂಭಾಗ ಒಡೆದಿತ್ತು.

ಕೋರ್ಟಿನಲ್ಲಿ ಮೇಸ್ತ್ರಿಯ ಲಾಯರ್ ನಕ್ಕ. “ಸ್ವಾಮಿ, ಕಿವಿ ಕೇಳದವರು ಮಾತು ಕೇಳಿದ್ರಂತೆ!” ಜಡ್ಜ್ ದೂರದ ಮೂಲೆಯಲ್ಲಿ ನಿಂತಿದ್ದ ದೊಡ್ಡಮ್ಮನ ಕಡೆ ನೋಡಿ ದನಿಯಿಲ್ಲದೆ ಏನೋ ತುಟಿ ಆಡಿಸಿದರು.

“ನಾನು ಏನಂದೆ ಅಜ್ಜಿ?” ಎಂದು ಬರೆದು ತೋರಿಸಿದರು.

“ಈ ಲಾಯರ್ ಮಾತು ಜಾಸ್ತಿ ಅಂದ್ರಿ,” ಎಂದಳು ದೊಡ್ಡಮ್ಮ.

ಮೇಸ್ತ್ರಿಗೂ ಲಂಬುವಿಗೂ ಜೀವಾವಧಿ. ಡ್ರಮ್ಮುಗಳು ಹೋದವು. ಅವುಗಳ ಜೊತೆ ಊರಿಗಿದ್ದ ಕೂಲಿಯೂ ಹೋಯಿತು. ಸುಳ್ಳು ಯಾಕೆ ಹೇಳಲಿ? ಊರು ಇನ್ನೂ ಏದುಸಿರು ಬಿಡುತ್ತಿದೆ. ನಾದಿನಿ ಈಗ ನನ್ನ ಜೊತೆ ಇದ್ದಾಳೆ. ಬೆಳಿಗ್ಗೆ ಎದ್ದು ಇಬ್ಬರೂ ದೀಪ ಹಚ್ಚುತ್ತೇವೆ. ಅವಳು ಜೋರಾಗಿ ಪ್ರಾರ್ಥಿಸುತ್ತಾಳೆ. ನಾನು ತುಟಿಯಲ್ಲಿ.

ದೇವರೇ, ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು. ಆ ಮೇಸ್ತ್ರಿಗೆ ಗಟ್ಟಿ ಆರೋಗ್ಯ, ದೀರ್ಘಾಯುಸ್ಸು ಕೊಡು... ಅವನು ಜೈಲಿನಲ್ಲಿ ಬದುಕಿರುವಷ್ಟು ಕಾಲವಾದರೂ ನನ್ನ ತಮ್ಮ ನಿನ್ನ ಹತ್ತಿರ ಅವನ ಕಾಟವಿಲ್ಲದೆ ನೆಮ್ಮದಿಯಾಗಿರಲಿ!